ಮಾರ್ಬರಿಯ ಕತೆ ಮುಗಿದಿರಲಿಲ್ಲ ಕಣೋ

ಪ್ರೀತಿಯ ಸತೀಶ,

ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಿಟ್ಟು ಬೇರೆ ದೇಶಕ್ಕೆ ಹೋದವನ ಕತೆ ಅಲ್ಲಿಗೆ ಮುಗೀತು ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅದನ್ನು ಒಪ್ಪೋಕೆ ನನ್ನಿಂದ ಆಗುತ್ತಿಲ್ಲ. ಸ್ಟೆಫಾನ್ ಮಾರ್ಬರಿಯನ್ನು ನೆನಪಿಸಿಕೋ.

ನ್ಯೂಯಾರ್ಕಿನ ಕೋನಿ ಐಲೆಂಡಿನ ಹುಡುಗ. ಏಳು ಮಕ್ಕಳ ಬಡ ಮನೆ. ಅಣ್ಣಂದಿರು ಕಾಲೇಜಿನಲ್ಲಿ ಚೆನ್ನಾಗಿ ಆಡಿದರೂ ಒಬ್ಬರಿಗೂ ಎನ್‌ಬಿಎ ಸಿಗಲಿಲ್ಲ. ಮನೆಯವರ ಆಸೆಯೆಲ್ಲ ಇವನ ಮೇಲೆ ಬಿತ್ತು. ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, 1996ರಲ್ಲಿ, ನಾಲ್ಕನೆಯವನಾಗಿ ಆಯ್ಕೆಯಾದ. ಲೀಗಿನ ಅತ್ಯುತ್ತಮ ಆಟಗಾರರನ್ನು ಆರಿಸುವ ಆಲ್‌ಸ್ಟಾರ್ ತಂಡಕ್ಕೆ ಎರಡು ಸಲ ಆಯ್ಕೆಯಾದ. ಎನ್‌ಬಿಎಯಲ್ಲಿ ಅವನ ಸರಾಸರಿ ಪಂದ್ಯಕ್ಕೆ 19.3 ಪಾಯಿಂಟ್, 7.6 ಅಸಿಸ್ಟ್, ಅಂದರೆ ಜೊತೆಗಾರ ಪಾಯಿಂಟ್ ಹೊಡೆಯುವಂತೆ ಕೊಟ್ಟ ಪಾಸ್. 2006ರಲ್ಲಿ ಬಡ ಮಕ್ಕಳಿಗೂ ಕೈಗೆಟುಕಲಿ ಎಂದು 14.98 ಡಾಲರಿನ ಶೂ ತಂದು, ಅದನ್ನೇ ಹಾಕಿಕೊಂಡು ಎನ್‌ಬಿಎಯಲ್ಲಿ ಆಡಿದ. ಈ ಒಂದು ಕೆಲಸಕ್ಕೇ ನನಗೆ ಅವನೆಂದರೆ ಇಷ್ಟ.

ಆದರೂ ಸ್ವಾರ್ಥಿ ಎಂಬ ಹೆಸರು ಅಂಟಿಕೊಂಡಿತು. ತಾನೇ ಮುಖ್ಯ ಆಟಗಾರನಾಗಿದ್ದ ಯಾವ ತಂಡವೂ ಸೀಸನ್ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನ ಮೊದಲ ಸುತ್ತು ದಾಟಲಿಲ್ಲ. ಊರಿನ ತಂಡವಾದ ನಿಕ್ಸ್‌ನಲ್ಲಿ ಕೋಚ್‌ಗಳ ಜೊತೆ ಜಗಳವಾಯಿತು. 2007ರ ಡಿಸೆಂಬರಿನಲ್ಲಿ ನಿಕ್ಸ್ ಪಂದ್ಯ ನಡೆಯುತ್ತಿದ್ದಾಗಲೇ ಅಪ್ಪ ಕುಸಿದು ತೀರಿಕೊಂಡರು. ಮಗನಿಗೆ ಗೊತ್ತಾಗಿದ್ದು ಪಂದ್ಯ ಮುಗಿದ ಮೇಲೆ. 2009ರಲ್ಲಿ ಇಂಟರ್ನೆಟ್ಟಿನಲ್ಲಿ ಕ್ಯಾಮೆರಾ ಮುಂದೆ ಅತ್ತಾಗ ಜನ ನಕ್ಕರು. ಆ ದಿನಗಳಲ್ಲಿ ಬದುಕೇ ಬೇಡ ಅನಿಸಿತ್ತು ಎಂದು ಮುಂದೆ ಅವನೇ ಹೇಳಿಕೊಂಡ.

2010ರ ಜನವರಿಯಲ್ಲಿ ಚೀನಾಕ್ಕೆ ಹೋದ. ಮೊದಲು ಕಲ್ಲಿದ್ದಲಿನ ನಾಡಾದ ಶಾನ್ಸಿಯ ತಂಡ, ಆಮೇಲೆ ಫೋಶಾನ್, 2011ರಲ್ಲಿ ಬೀಜಿಂಗ್ ಡಕ್ಸ್. ಅಲ್ಲಿಗೆ ಹೋಗುವ ಅಮೆರಿಕದವರು ಸಾಮಾನ್ಯವಾಗಿ ಸೀಸನ್ ಮುಗಿದ ಕೂಡಲೇ ದುಡ್ಡು ತಗೊಂಡು ಮನೆಗೆ ಹೊರಡುತ್ತಾರೆ. ಇವನು ಅಲ್ಲೇ ನೆಲೆಯೂರಿದ. ಎಲ್ಲರ ಹಾಗೆ ಮೆಟ್ರೋ ಹತ್ತಿ ಓಡಾಡಿದ. ಬೀಜಿಂಗ್ ತಂಡ ಆ ಸೀಸನ್ನಿನ ಮೊದಲ 13 ಪಂದ್ಯಗಳನ್ನೂ ಗೆದ್ದಿತು. ಫೈನಲ್ಲಿನಲ್ಲಿ ಎದುರಾಳಿ ಯಾರು ಗೊತ್ತಾ? ಸತತ ನಾಲ್ಕು ವರ್ಷದ ಚಾಂಪಿಯನ್ ಗ್ವಾಂಗ್‌ಡಾಂಗ್. 2012ರ ಮಾರ್ಚಿನಲ್ಲಿ ಆ ಫೈನಲ್ ಸರಣಿಯ ಐದನೇ ಪಂದ್ಯದಲ್ಲಿ ಮಾರ್ಬರಿ 41 ಪಾಯಿಂಟ್ ಹೊಡೆದು ಕಪ್ ಗೆಲ್ಲಿಸಿದ. ಬೀಜಿಂಗಿಗೆ ಅದೇ ಮೊದಲ ಲೀಗ್ ಪ್ರಶಸ್ತಿ. ಅವನಿಗಾಗ 35 ವರ್ಷ. ಅದೇ ವರ್ಷ ಸ್ಟೇಡಿಯಮ್ಮಿನ ಹೊರಗೆ ಅವನ ಪ್ರತಿಮೆ ನಿಂತಿತು. 2014, 2015ರಲ್ಲೂ ಗೆದ್ದರು. ಬೀಜಿಂಗ್ ಅವನನ್ನು ಗೌರವ ನಾಗರಿಕ ಎಂದು ಕರೆಯಿತು.

ಆಟಗಾರ ಅವನೇ ತಾನೆ? ಚೆಂಡು ಜಾಸ್ತಿ ಹೊತ್ತು ಇಟ್ಟುಕೊಳ್ಳುತ್ತಾನೆ ಎಂದು ಬೈಸಿಕೊಂಡವನೇ. ಬೀಜಿಂಗಿನಲ್ಲಿ ಕೋಚ್ ಮಿನ್ ಲುಲೇ ಅದೇ ಚೆಂಡನ್ನು ಅವನ ಕೈಗೆ ಕೊಟ್ಟು ನಂಬಿದರು. ತಂಡದ ಹುಡುಗರು ಅವನನ್ನು ಮನೆಯ ಅಣ್ಣನಂತೆ ಕಂಡರು. ಆ ನಂಬಿಕೆ ನ್ಯೂಯಾರ್ಕಿನಲ್ಲೇ ಸಿಕ್ಕಿದ್ದರೆ ಅಂತ ಯೋಚಿಸಿದಾಗ ನನಗೆ ಈಗಲೂ ಬೇಜಾರಾಗುತ್ತದೆ.

2018ರ ಫೆಬ್ರವರಿಯಲ್ಲಿ, 41 ತುಂಬಲು ಕೆಲವೇ ದಿನ ಇದ್ದಾಗ, ಬೀಜಿಂಗಿನ ಇನ್ನೊಂದು ತಂಡದ ಪರ ಕೊನೆಯ ಪಂದ್ಯ ಆಡಿದ. 20 ಪಾಯಿಂಟ್ ಹೊಡೆದು ಗೆದ್ದೇ ನಿವೃತ್ತನಾದ. ಮುಂದಿನ ವರ್ಷ ಅದೇ ಊರಲ್ಲಿ ಕೋಚ್ ಆದ.

2012ರ ಆ ಐದನೇ ಪಂದ್ಯವನ್ನು ಒಮ್ಮೆ ಹುಡುಕಿ ನೋಡು. ಆಮೇಲೂ ನಿನ್ನ ಮಾತು ಸರಿ ಅನಿಸಿದರೆ ಫೋನ್ ಮಾಡು, ಜಗಳ ಮುಂದುವರಿಸೋಣ.

ನಿನ್ನ,
ಪ್ರಕಾಶ