ಸಮಾಧಿಯಿಲ್ಲದವರ ಹೆಸರು

ಬ್ರಿಸ್ಬೇನ್ ಸುತ್ತಮುತ್ತ ನೆಲೆಸಿರುವ ನಮ್ಮಲ್ಲಿ ಮೋರ್ಟನ್ ದ್ವೀಪ ನೋಡದವರು ಕಡಿಮೆ. ಅದರ ಆಚೆಗಿನ ಕಡಲಿನಲ್ಲೇ 1943ರ ಮೇ 14ರ ಬೆಳಗಿನ ಜಾವ, ಸುಮಾರು 4.10ಕ್ಕೆ, ಆಸ್ಟ್ರೇಲಿಯಾದ ಆಸ್ಪತ್ರೆ ಹಡಗು ಸೆಂಟಾರ್ ಮುಳುಗಿತು. ಬಿಳಿ ಮೈ, ಹಸಿರು ಪಟ್ಟೆ, ದೀಪ ಹೊತ್ತಿಸಿದ ರೆಡ್‌ಕ್ರಾಸ್ ಗುರುತು ಎಲ್ಲವೂ ಇದ್ದವು. ಆದರೂ ಜಪಾನಿನ ಜಲಾಂತರ್ಗಾಮಿ ಐ-177 ಟಾರ್ಪಿಡೊ ಬಿಟ್ಟಿತು. ಅದು ತಗುಲಿದ್ದು ಎಡಮಗ್ಗುಲಿನ ಎಣ್ಣೆ ಟ್ಯಾಂಕಿಗೆ. ಎಣ್ಣೆ ಹೊತ್ತಿಕೊಂಡಿತು, ಹೆಚ್ಚಿನವರು ನಿದ್ದೆಯಲ್ಲಿದ್ದರು, ಮೂರೇ ನಿಮಿಷಕ್ಕೆ ಹಡಗು ಮುಳುಗಿಹೋಯಿತು. ಅಪಾಯದ ಸಂದೇಶ ಕಳಿಸಲೂ ಸಮಯವಿರಲಿಲ್ಲ. ಹೀಗಾಗಿ ಬದುಕುಳಿದ 64 ಮಂದಿ 35 ಗಂಟೆ ನೀರಿನಲ್ಲಿ ತೇಲಬೇಕಾಯಿತು. ತೀರಿಕೊಂಡವರು 268. ಹನ್ನೆರಡು ನರ್ಸ್‌ಗಳಲ್ಲಿ ಉಳಿದವರು ಎಲೆನ್ ಸ್ಯಾವೇಜ್ ಒಬ್ಬರೇ.

ಹಡಗಿನಲ್ಲಿ ಗಾಯಾಳುಗಳಿದ್ದರೆಂದು ಹಲವರು ತಿಳಿದಿದ್ದಾರೆ. ಇರಲಿಲ್ಲ. ಗಾಯಾಳುಗಳನ್ನು ಹೊತ್ತು ತರಲು, ಆರೈಕೆ ಮಾಡಲು ನ್ಯೂಗಿನಿಗೆ ಹೊರಟಿದ್ದ 2/12ನೇ ಫೀಲ್ಡ್ ಆಂಬುಲೆನ್ಸ್‌ನವರೇ ಅದರಲ್ಲಿ ಹೆಚ್ಚು. ಫೀಲ್ಡ್ ಆಂಬುಲೆನ್ಸ್ ಎಂದರೆ ಗಾಡಿಯಲ್ಲ, ಸೇನೆಯ ಒಂದು ವೈದ್ಯಕೀಯ ಪಡೆ.

ಇವರಲ್ಲಿ ಒಬ್ಬರ ಬಗ್ಗೆ ತಿಳಿಯಬೇಕೆಂದರೆ ಸ್ಮಶಾನದ ಪಟ್ಟಿಯಿಂದ ಶುರು ಮಾಡಬೇಡಿ, ಏನೂ ಸಿಗದು. ಮೊದಲು ಕ್ಯಾನ್‌ಬೆರಾದ ಯುದ್ಧ ಸ್ಮಾರಕದ ರೋಲ್ ಆಫ್ ಆನರ್‌ನಲ್ಲಿ, ಅಂದರೆ ಯುದ್ಧದಲ್ಲಿ ಮಡಿದವರ ಪಟ್ಟಿಯಲ್ಲಿ, ಹೆಸರು ನೋಡಿ, ಸೇವಾ ಸಂಖ್ಯೆ ಬರೆದುಕೊಳ್ಳಿ. ಒಂದೇ ಹೆಸರಿನವರು ಹಲವರಿರುತ್ತಾರೆ, ಸಂಖ್ಯೆ ಮಾತ್ರ ಒಬ್ಬರದೇ. ಸಂಖ್ಯೆಯ ಮೊದಲಿಗೆ ಎನ್ಎಕ್ಸ್ ಎಂದಿದ್ದರೆ ನ್ಯೂ ಸೌತ್ ವೇಲ್ಸ್, ಕ್ಯುಎಕ್ಸ್ ಎಂದರೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸೇರಿದವರು. ಎಕ್ಸ್ ಇರುವ ಸಂಖ್ಯೆಯ ಕಡತಗಳು ರಾಷ್ಟ್ರೀಯ ಪತ್ರಾಗಾರದ ಬಿ883 ಸರಣಿಯಲ್ಲಿವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಾದರೆ ಸಮಾಧಿಯ ಜಾಗದಲ್ಲಿ, ಸಮಾಧಿಯಿಲ್ಲದವರ ಹೆಸರುಗಳಿರುವ ರುಕ್‌ವುಡ್‌ನ ಸಿಡ್ನಿ ಸ್ಮಾರಕವನ್ನು ಹುಡುಕಿ.

ಹಳೆಯ ಲೇಖನಗಳನ್ನು ನಂಬುವ ಮುನ್ನ ಅವುಗಳ ವರ್ಷ ನೋಡಿ. 1995ರಲ್ಲಿ ಸೆಂಟಾರ್ ಸಿಕ್ಕಿತೆಂದು ಸುದ್ದಿಯಾದದ್ದು ಬೇರೆಯದೇ ಹಡಗು. ಅದು ಸೆಂಟಾರ್ ಅಲ್ಲವೆಂದು ಖಚಿತವಾದದ್ದು 2003ರಲ್ಲಿ. ನಿಜವಾದ ಅವಶೇಷ 2009ರ ಡಿಸೆಂಬರ್ 20ರಂದು, 2,059 ಮೀಟರ್ ಆಳದಲ್ಲಿ ಸಿಕ್ಕಿತು. ಮರುತಿಂಗಳು ಅದರ ಮೇಲೆ ನೆನಪಿನ ಫಲಕ ಇಳಿಸಿದರು.

ನಮ್ಮಲ್ಲಿ ತರ್ಪಣ ಕೊಡುವಾಗಲೂ ಹೆಸರು ಹಿಡಿದೇ ಕೊಡುತ್ತೇವೆ. ಈ ಮೇ 14ಕ್ಕೆ ಕಲೌಂಡ್ರಾದ ಸೆಂಟಾರ್ ಸ್ಮಾರಕಕ್ಕೆ ಹೋಗುವವರು ಒಂದಾದರೂ ಹೆಸರು, ಅದರ ಸಂಖ್ಯೆ ಬರೆದುಕೊಂಡು ಹೋಗಿ. ಅಲ್ಲಿ ಕಡಲಿನ ಕಡೆ ತಿರುಗಿ ಅದನ್ನು ಗಟ್ಟಿಯಾಗಿ ಓದಿ.