ಗೆಳೆಯಾ, ಗುರುವಾರ ಏಳು ಗಂಟೆಗೆ

ಗೆಳೆಯಾ,

ನಿನ್ನ ಹೆಸರು ಹಾಕಿಲ್ಲ. ಹಸಿರು ಕೊಡೆ ಅಂದರೆ ಸಾಕು, ಇದು ಯಾರಿಗೆ ಅಂತ ನಿನಗೆ ಗೊತ್ತಾಗುತ್ತೆ. ಎಲ್ಲರೂ ಓದುವ ಕಡೆ ಬರೆಯುವುದಕ್ಕೆ ಕಾರಣವಿದೆ. ಮೊನ್ನೆ ನೀನು ಫೋನಿನಲ್ಲಿ ದನಿ ತಗ್ಗಿಸಿ "ಆ ಎಎ ಮೀಟಿಂಗಲ್ಲಿ ಏನು ಮಾಡ್ತಾರೋ?" ಅಂದೆಯಲ್ಲ, ಅದೇ ಪ್ರಶ್ನೆಯನ್ನು ಎಷ್ಟೋ ಜನ ಯಾರ ಹತ್ತಿರವೂ ಕೇಳಲಾಗದೆ ನುಂಗಿಕೊಂಡಿರುತ್ತಾರೆ. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಕುಡುಕರೇ ಸೇರಿ ನಡೆಸುವ ಗುಂಪು.

ಮೊದಲು ಇದನ್ನು ಕೇಳು. ಬೆಳಿಗ್ಗೆ ಕೈ ನಡುಗುತ್ತೆ, ಒಂದು ಗುಟುಕು ಹಾಕಿದರೆ ನಿಲ್ಲುತ್ತೆ ಅಂದೆ. ಹಾಗಿದ್ದರೆ ಮನೆಯಲ್ಲಿ ಕೂತು ಒಂದೇ ಸಲಕ್ಕೆ ಬಿಡಬೇಡ. ಕೊನೇ ಸಲ ಕುಡಿದು ಆರೆಂಟು ಗಂಟೆಗೇ ನಡುಕ, ಬೆವರು ಶುರುವಾಗಬಹುದು. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣಿಸಿ, ಎಲ್ಲಿದ್ದೀನಿ ಅನ್ನುವುದೇ ತಿಳಿಯದೆ ಹೋಗಬಹುದು. ಜೀವಕ್ಕೇ ಅಪಾಯ ಕಣೋ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಕೇಳಬಹುದು. ಕೆಲವು ದಿನ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸುತ್ತಾರೆ, ಜೊತೆಗೆ ಬಿ1 ವಿಟಮಿನ್ ಕೊಡುತ್ತಾರೆ. ಮೀಟಿಂಗ್ ಈ ಕೆಲಸ ಮಾಡಲಾರದು. ಇನ್ನು ಗೋಡೆಯ ಮೇಲೆ ಜಾಹೀರಾತು ಇರುತ್ತಲ್ಲ, ಗೊತ್ತಾಗದ ಹಾಗೆ ಸಾರಿಗೆ ಬೆರೆಸುವ ಪುಡಿ, ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ ಅಂತ ಅತ್ತಿಗೆಗೆ ಹೇಳು. ಅದರಲ್ಲಿ ಡೈಸಲ್ಫಿರಾಮ್ ಅನ್ನುವ ಕುಡಿತ ಬಿಡಿಸುವ ಔಷಧಿ ಇದ್ದು, ಅದರ ಮೇಲೆ ನೀನು ಕುಡಿದರೆ ಬಿಪಿ ಕುಸಿದು ಬೀಳುತ್ತೀಯ.

ಮೀಟಿಂಗ್ ಹುಡುಕುವುದು ಕಷ್ಟವಲ್ಲ. ಎಎಯವರ ಸಹಾಯವಾಣಿಗೆ ಫೋನ್ ಮಾಡು. ಸರ್ಕಾರದ 14446 ಉಚಿತ ಸಂಖ್ಯೆಯೂ ಇದೆ, ಚಿಕಿತ್ಸೆಯ ಬಗ್ಗೆ ಅಲ್ಲಿ ಕೇಳಬಹುದು. ಇಂಟರ್‌ನೆಟ್ಟಿನ ವಿಳಾಸ ಒಂದನ್ನೇ ನಂಬಿ ಹೊರಡಬೇಡ. ಗುಂಪು ಜಾಗ ಬದಲಿಸಿರುತ್ತೆ, ಹಬ್ಬದ ದಿನ ಬೀಗ ಹಾಕಿರುತ್ತೆ, ಮುಚ್ಚಿದ ಬಾಗಿಲು ನೋಡಿ ಬಂದವನು ವಾಪಸು ಹೋಗುವ ದಾರಿಯಲ್ಲೇ ಬಾರ್ ಇರುತ್ತೆ. ಯಾವ ವಾರ, ಎಷ್ಟು ಗಂಟೆ, ಯಾವ ಭಾಷೆ, ಓಪನ್ನೋ ಕ್ಲೋಸ್ಡೋ ಅಂತ ಮೊದಲೇ ಕೇಳಿಕೋ. ಓಪನ್ ಮೀಟಿಂಗಿಗೆ ಯಾರು ಬೇಕಾದರೂ ಬರಬಹುದು, ನಾನೂ ಬಂದು ಪಕ್ಕದಲ್ಲಿ ಕೂರಬಹುದು. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನಿಸಿದವರಿಗೆ ಮಾತ್ರ. ಬೆಂಗಳೂರಿನಲ್ಲಿ ಇಂಗ್ಲಿಷ್, ತಮಿಳು, ಕನ್ನಡ ಎಲ್ಲದರಲ್ಲೂ ನಡೆಯುತ್ತೆ. ಸಿಟ್ಟು ಬಂದಾಗ ನಿನ್ನ ಬಾಯಿಗೆ ಬರುವ ಭಾಷೆ ಯಾವುದೋ ಆ ಗುಂಪಿಗೆ ಹೋಗು. ಹೊತ್ತು ಮಾತ್ರ ಸಂಜೆಯದ್ದೇ ಇರಲಿ, ಮಾಮೂಲಾಗಿ ನೀನು ಗ್ಲಾಸು ಹಿಡಿಯುವ ಹೊತ್ತು. ಚರ್ಚಿನ ಹಾಲ್ ಅಂತ ಹಿಂಜರಿಯಬೇಡ, ಅದು ಗುಂಪಿನವರು ಬಾಡಿಗೆ ಕೊಟ್ಟು ಪಡೆದ ಜಾಗ ಅಷ್ಟೆ.

ಒಳಗೆ ಪ್ಲಾಸ್ಟಿಕ್ ಕುರ್ಚಿಗಳು. ವೇದಿಕೆಯ ಮೇಲೆ ಡಾಕ್ಟರೂ ಇಲ್ಲ, ಸ್ವಾಮಿಗಳೂ ಇಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇದು ಶುರುವಾಗಿದ್ದೂ ಹಾಗೇ: ಷೇರುಪೇಟೆಯ ಬಿಲ್, ಸರ್ಜನ್ ಬಾಬ್, ಇಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿದ್ದು. ಒಬ್ಬರು ಮೊದಲು ಏನೋ ಓದುತ್ತಾರೆ, ಆಮೇಲೆ ಒಬ್ಬೊಬ್ಬರೇ ಹೇಳಿಕೊಳ್ಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿನ್ನ ಸರದಿ ಬಂದಾಗ "ಇವತ್ತು ಕೇಳ್ತೀನಿ" ಅಂದರೆ ಮುಗಿಯಿತು. ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ. ಒಂದು ಚೀಲ ಕೈಯಿಂದ ಕೈಗೆ ಬರುತ್ತೆ, ಬಾಡಿಗೆಗೆ, ಚಹಾಕ್ಕೆ ಅಂತ. ಹೊಸಬನಾದರೆ ಸುಮ್ಮನೆ ಪಕ್ಕಕ್ಕೆ ದಾಟಿಸು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮುಗಿದ ತಕ್ಷಣ ಎದ್ದು ಬರಬೇಡ. ಚಹಾ ಕುಡಿಯುವ ಆ ಹತ್ತು ನಿಮಿಷದಲ್ಲೇ ಯಾರೋ ನಂಬರು ಕೊಡುತ್ತಾರೆ. ಮುಂದೆ ರಾತ್ರಿ ಹನ್ನೊಂದಕ್ಕೆ ಬಾಯಿ ಒಣಗಿದಾಗ ಬೇಕಾಗುವುದು ಆ ನಂಬರು. ಮೊದಲ ಮೀಟಿಂಗ್ ಹಿಡಿಸದಿದ್ದರೆ ಬೇರೆ ಗುಂಪು ನೋಡು, ಒಂದು ಆರಾದರೂ ನೋಡಿ ಆಮೇಲೆ ಮಾತಾಡು. ಕುಡಿದುಬಿಟ್ಟಿದ್ದರೂ ಹೋಗು, ಆವತ್ತು ಮಾತಾಡಬೇಡ ಅನ್ನಬಹುದು, ಬರಬೇಡ ಅನ್ನುವುದಿಲ್ಲ. ಅತ್ತಿಗೆಗೆ ಅಲ್-ಅನಾನ್ ಅಂತ ಬೇರೆ ಗುಂಪಿದೆ, ಮನೆಯವರಿಗೆಂದೇ. ಊರಿನಲ್ಲಿರುವ ನಿಮ್ಮ ಭಾವನಿಗೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರವೇ ಸರಿ. ಅದು ಮುಗಿದ ಮೇಲೆ, ಶಿಬಿರದಲ್ಲಿ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಗೆ ಹೋಗುವುದನ್ನು ಮಾತ್ರ ತಪ್ಪಿಸಬಾರದು.

ಇನ್ನೊಂದು: ಶಕ್ತಿ ಬರಲಿ ಅಂತ ದ್ರಾಕ್ಷಾರಿಷ್ಟ, ಅಶ್ವಗಂಧಾರಿಷ್ಟ ಕುಡಿಯಬೇಡ. ಅರಿಷ್ಟ ಅಂದರೆ ಹುದುಗಿಸಿದ್ದು, ಅದರಲ್ಲೂ ಮದ್ಯಸಾರ ಇದೆ.

ಮೀಟಿಂಗಿನಲ್ಲಿ ಯಾರೂ ಜೀವಮಾನಕ್ಕೆ ಬಿಟ್ಟೆ ಅನ್ನುವುದಿಲ್ಲ ಕಣೋ. ಇವತ್ತೊಂದು ದಿನ ಕುಡಿಯಲ್ಲ ಅನ್ನುತ್ತಾರೆ, ಅಷ್ಟೆ. ಅದನ್ನು ತಿಳಿದ ದಿನದಿಂದ ನನಗೆ ಒಂದು ಚುಚ್ಚುತ್ತಿದೆ. ಮಗಳ ತಲೆ ಮುಟ್ಟಿಸಿ ನಿನ್ನಿಂದ ಆಣೆ ಹಾಕಿಸಿದವನು ನಾನು. ಆಮೇಲೆ ನೀನು ಕುಡಿದಾಗಲೆಲ್ಲ ನನ್ನಿಂದ ಮುಖ ಮರೆಸಿದೆ, ಫೋನ್ ಎತ್ತುವುದು ಬಿಟ್ಟೆ. ನಿಜ ಹೇಳಲಾ? ನೀನು ಫೋನ್ ಎತ್ತದೆ ಇದ್ದಾಗ ನನಗೆ ಒಳಗೊಳಗೇ ನಿರಾಳವಾಗುತ್ತಿತ್ತು. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ. ಬರೆದದ್ದನ್ನು ಅಳಿಸುವುದೂ ಇಲ್ಲ.

ಸರಿ ಬಿಡು, ಉಳಿದದ್ದು ಎದುರಿಗೆ. ಗುರುವಾರದ್ದು ಓಪನ್ ಮೀಟಿಂಗ್, ಏಳಕ್ಕೆ. ಆರೂ ಮುಕ್ಕಾಲಿಗೆ ಗೇಟಿನ ಹತ್ತಿರ ಇರ್ತೀನಿ. ಮಳೆ ಇದ್ದರೆ ಕೊಡೆ ನೀನೇ ತಾ. ಯಾವುದು ಅಂತ ಹೇಳಬೇಕಿಲ್ಲ.

ನಿನ್ನವ