ಬ್ರೌನ್ ಕಾಯ್ದೆ, ಇಂಡಕ್ಷನ್ ಒಲೆ ಮತ್ತು ನಮ್ಮ ಸಮಿತಿ

ಪ್ರೀತಿಯ ರಾಘು,

ನಿಮ್ಮ ಪಂಚಾಯ್ತಿಯ ಜೀವವೈವಿಧ್ಯ ಸಮಿತಿ ಕಾಗದದ ಮೇಲಷ್ಟೇ ಇದೆ, ಸಭೆ ಕರೆಯೋರೇ ಇಲ್ಲ ಅಂತ ಬೈದುಕೊಂಡು ಬರೆದಿದ್ದೆ. ಇಲ್ಲಿ ನನ್ನದು ಅದರ ಉಲ್ಟಾ. ಸಭೆಗೇನೂ ಬರವಿಲ್ಲ, ಅಧಿಕಾರ ಮಾತ್ರ ಸೊನ್ನೆ.

ನಮ್ಮೂರ ನಗರಸಭೆ ನೇಮಿಸಿರೋ ಹವಾಮಾನ ಸಲಹಾ ಸಮಿತಿಯಲ್ಲಿ ಒಂಬತ್ತು ಜನ ಇದ್ದೀವಿ. ಸಂಬಳ ಇಲ್ಲ, ಕೈಯಲ್ಲಿ ದುಡ್ಡಿಲ್ಲ, ಆದೇಶ ಹೊರಡಿಸೋ ಹಕ್ಕಂತೂ ಇಲ್ಲವೇ ಇಲ್ಲ. ಸಲಹೆ ಕೊಡಬಹುದು, ಅಷ್ಟೆ. ಆದ್ರೆ ಆ ಸಲಹೆ ಕೊಡೋದಕ್ಕೆ ಎಷ್ಟು ಕಟ್ಟುಪಾಡು ಅಂತೀಯ!

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಬ್ರೌನ್ ಕಾಯ್ದೆ ಅಂತ ಒಂದಿದೆ, ಊರಾಡಳಿತದ ಸಭೆಗಳು ಜನರ ಎದುರಿಗೇ ನಡೀಬೇಕು ಅನ್ನೋ ಕಾನೂನು. ನಮ್ಮಂಥ ಸಲಹಾ ಸಮಿತಿಗೂ ಅದು ಅನ್ವಯ. ಮಾಮೂಲಿ ಸಭೆಗೆ 72 ಗಂಟೆ ಮೊದಲೇ ಅಜೆಂಡಾ ಎಲ್ಲರ ಕಣ್ಣಿಗೆ ಬೀಳೋ ಹಾಗೆ ಹಾಕಬೇಕು. ತುರ್ತು ಬಿಟ್ಟರೆ, ಅದರಲ್ಲಿ ಇಲ್ಲದ್ದರ ಮೇಲೆ ನಿರ್ಣಯ ಮಾಡೋ ಹಾಗಿಲ್ಲ. ನಮ್ಮಲ್ಲಿ ಐವರು, ಅಂದ್ರೆ ಅರ್ಧಕ್ಕಿಂತ ಹೆಚ್ಚು ಜನ, ಹೊರಗೆಲ್ಲೋ ಸಮಿತಿ ಕೆಲಸ ಚರ್ಚಿಸಿದ್ರೆ ಕಾನೂನು ಮುರಿದ ಹಾಗೆ. ಒಟ್ಟಿಗೆ ಕೂತಿರಲೇಬೇಕಂತಿಲ್ಲ, ಒಬ್ಬರಿಂದ ಒಬ್ಬರಿಗೆ ದಾಟಿ ಐದು ಕಿವಿ ಮುಟ್ಟಿದ್ರೂ ಆಯ್ತು. ಹಾಗಾಗಿ ನಮಗೆ ವಾಟ್ಸಾಪ್ ಗುಂಪಿಲ್ಲ. ಸಮಿತಿಯಲ್ಲಿ ಮಂಡ್ಯ ಕಡೆಯ ಇನ್ನೊಬ್ಬರಿದ್ದಾರೆ. ಯುಗಾದಿ ಊಟಕ್ಕೆ ಪಕ್ಕದಲ್ಲೇ ಕೂತಿದ್ರು. ಇಬ್ಬರೇ ಮಾತಾಡಿದ್ರೆ ತಪ್ಪೇನಿಲ್ಲ, ಆದರೂ ಮೇಡಂ ಹೋಳಿಗೆ ಬಿಟ್ಟು ಬೇರೆ ಮಾತೇ ಎತ್ತಲಿಲ್ಲ!

ಈಗ ನಮ್ಮ ಮುಂದಿರೋದು ಎರಡು ಕೆಲಸ. ಸಮಿತಿಯ ನಿಯಮಾವಳಿ ತಿದ್ದೋದು ಒಂದು, ಏಪ್ರಿಲ್ 22ರ ಭೂಮಿ ದಿನದ ಸುತ್ತ ಊರಿನವರಿಗಾಗಿ ಒಂದು ಕಾರ್ಯಕ್ರಮ ಮಾಡೋದು ಇನ್ನೊಂದು. ಎಲ್ಲರ ಹುರುಪೂ ಕಾರ್ಯಕ್ರಮದ ಮೇಲೆ. ನನ್ನ ಹಟ ಮಾತ್ರ ನಿಯಮಾವಳಿಯದು. ನಾವು ಕಳಿಸಿದ ಶಿಫಾರಸಿಗೆ ಇಂತಿಷ್ಟು ದಿನದೊಳಗೆ ಲಿಖಿತ ಉತ್ತರ ಬರಬೇಕು, ಆಗಲ್ಲ ಅನ್ನೋದಾದ್ರೆ ಕಾರಣ ಸಮೇತ ಹೇಳಬೇಕು. ಇದೊಂದು ಸಾಲು ಸೇರಿಸಿ ಅಂತ ಕೂತಿದ್ದೀನಿ. ಅದಿಲ್ಲದಿದ್ರೆ ‘ಸ್ವೀಕರಿಸಲಾಗಿದೆ’ ಅಂತ ಠಸ್ಸೆ ಬಿದ್ದು ಕಡತ ಸೇರುತ್ತೆ, ನಿಮ್ಮಲ್ಲಿ ಆದ ಹಾಗೇ. ಆ ಸಾಲಿಗೆ ಒಪ್ಪಿಗೆ ಕೊಡಬೇಕಾದವರೂ ನಗರಸಭೆಯವರೇ ಅನ್ನೋದು ಬೇರೆ ಮಾತು.

ಕಾರ್ಯಕ್ರಮ ಬೇಡ ಅಂತಲ್ಲ. ಇಲ್ಲೇ ಹತ್ತಿರದ ಬರ್ಕ್ಲಿ ಊರಿನವರು ಹವಾಮಾನದ ಕಾಳಜಿಯಿಂದ 2019ರಲ್ಲಿ ಹೊಸ ಕಟ್ಟಡಗಳಿಗೆ ಗ್ಯಾಸ್ ಪೈಪ್ ಎಳೆಯೋದನ್ನ ನಿಷೇಧಿಸಿದ್ರು, ದೇಶದಲ್ಲೇ ಮೊದಲು. ಹೋಟೆಲಿನವರ ಸಂಘ ಕೋರ್ಟಿಗೆ ಹೋಯ್ತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ, ಕೇಂದ್ರದ ಇಂಧನ ಕಾಯ್ದೆ ಇರುವಾಗ ಊರಿನವರು ಹೀಗೆ ಮಾಡೋ ಹಾಗಿಲ್ಲ ಅಂತು. ಆ ದಾರಿ ಮುಚ್ಚಿದ ಮೇಲೆ ಉಳಿದಿರೋದು ಗ್ಯಾಸ್ ಬಿಟ್ಟು ಕರೆಂಟ್ ಒಲೆಗೆ ಬನ್ನಿ ಅಂತ ಜನರನ್ನ ಒಪ್ಪಿಸೋದು. ಅದಕ್ಕೇ ಇಂಡಕ್ಷನ್ ಒಲೆ ಮೇಲೆ ಅಡುಗೆ ಮಾಡಿ ತೋರಿಸೋಣ ಅಂತ ಯೋಚನೆ.

ಇಲ್ಲಿನ ನಮ್ಮವರ ಮೊದಲ ಪ್ರಶ್ನೆ ದೋಸೆಯದ್ದೇ. ಮನೆಯಲ್ಲಿ ಮಾಡಿ ನೋಡಿದೆ. ಅಯಸ್ಕಾಂತ ಅಂಟೋ ಪಾತ್ರೆ ಮಾತ್ರ ನಡೆಯುತ್ತೆ, ಬರೀ ಅಲ್ಯೂಮಿನಿಯಂ ತವಾ ತಣ್ಣಗೇ ಕೂತಿರುತ್ತೆ. ಅಮ್ಮ ಕಳಿಸಿದ ಕಬ್ಬಿಣದ ಕಾವಲಿ ಚೆನ್ನಾಗೇ ಕಾಯ್ತು. ಅವಸರಕ್ಕೆ ಜೋರಾಗಿ ಇಟ್ಟರೆ ನಡುವೆ ಸೀದು ಅಂಚು ಬೆಳ್ಳಗೇ ಉಳಿಯುತ್ತೆ, ಸಣ್ಣ ಶಾಖದಲ್ಲಿ ಐದಾರು ನಿಮಿಷ ಕಾಯಿಸಿ ಹುಯ್ದರೆ ಗರಿಗರಿ. ಬದನೆಕಾಯಿ ಸುಟ್ಟು ಗೊಜ್ಜು ಮಾಡೋರಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಆದ್ರೆ ಗ್ಯಾಸ್ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಅಡುಗೆಮನೆಗೇ ಬರುತ್ತೆ ಅಂದ್ರೆ, ಉಬ್ಬಸ ಇರೋ ಮಕ್ಕಳ ತಾಯಂದಿರು ನಿಂತು ಕೇಳ್ತಾರೆ. ಭೂಮಿ ಬಿಸಿಯಾಗ್ತಿದೆ ಅಂದ್ರೆ ತಲೆಯಾಡಿಸಿ ಮುಂದೆ ಹೋಗ್ತಾರೆ. 2020ರ ಸೆಪ್ಟೆಂಬರ್ 9ರಂದು ಕಾಡ್ಗಿಚ್ಚಿನ ಹೊಗೆಗೆ ಇಲ್ಲಿ ಹಗಲೇ ಆಕಾಶ ಕಿತ್ತಳೆಯಾಗಿದ್ದನ್ನ ನೋಡಿದವರೇ ಇವರೂ.

ಕಾರ್ಯಕ್ರಮಕ್ಕೆ ನಾಲ್ವರ ತಾತ್ಕಾಲಿಕ ಉಪಸಮಿತಿ ಮಾಡಿದ್ದೀವಿ. ನಾಲ್ಕೇ ಯಾಕೆ ಅಂತ ನಿನಗೀಗ ಗೊತ್ತು. ಶನಿವಾರ ಬೆಳಿಗ್ಗೆ ಅಂದ್ರೆ ಮಕ್ಕಳಿಗೆ ಭರತನಾಟ್ಯ, ಸಾಕರ್. ಸಂಜೆ ಅಂದ್ರೆ ಯಾರೂ ಮನೆ ಬಿಟ್ಟು ಹೊರಡಲ್ಲ. ನಿಮ್ಮ ಗ್ರಾಮಸಭೆಗೆ ಹೆಂಗಸರು ಬರಲಿ ಅಂತ ನೀನು ಹೊತ್ತು ಬದಲಾಯಿಸಿದ್ದೆಯಲ್ಲ, ಎಷ್ಟು ಗಂಟೆಗೆ ಇಟ್ಟಿದ್ದೆ? ಚಹಾ ತಿಂಡಿ ಮೊದಲೋ, ಭಾಷಣ ಮೊದಲೋ? ಗುರುವಾರದೊಳಗೆ ಬರಿ ಮಾರಾಯ, ಅವತ್ತು ನಾವು ನಾಲ್ವರೂ ಕೂರ್ತೀವಿ.

ನಿನ್ನ,
ಸತೀಶ